ಕತ್ತಲಾದರೆ ಕರೆಯುವ ಡಬ್ಬಿ

ಅವನ ಅಂಗಿಯ ಜೇಬು ಯಾವಾಗಲೂ ಜೋತುಬಿದ್ದಿರುತ್ತಿತ್ತು. ಒಳಗೆ ಹಳೆಯ ಸ್ಪೀಕರಿನಿಂದ ಕಿತ್ತ ಅಯಸ್ಕಾಂತ, ಅದಕ್ಕೆ ಅಂಟಿಕೊಂಡ ಮೊಳೆ, ಪಿನ್ನು, ಬ್ಲೇಡಿನ ಚೂರು. ಓಡಿದರೆ ಜೇಬು ಎದೆಗೆ ಬಡಿಯುತ್ತಿತ್ತು. ಬ್ಲೇಡಿನ ಚೂರು ನಿಜವಾಗಿ ಇತ್ತೋ ಇಲ್ಲವೋ, ಈಗ ಖಾತ್ರಿಯಿಲ್ಲ. ಜೇಬು ಜೋತಿದ್ದದ್ದು ಮಾತ್ರ ಹೌದು.

ಬಸವಕಲ್ಯಾಣದಲ್ಲಿ ಅವನು ನಮ್ಮ ಎದುರುಮನೆಯ ಹುಡುಗ. ಅವನ ಅಪ್ಪ ರೈಲು ಹಳಿ ಹಾಕುವ ಗ್ಯಾಂಗಿನಲ್ಲಿದ್ದ. ಹುಮನಾಬಾದಿನ ಕೆಲಸ ಮುಗಿದು ಗ್ಯಾಂಗು ಮುಂದಕ್ಕೆ ಹೋದಾಗ ಅಪ್ಪನೂ ಹೋದ. ಮನೆಯಲ್ಲಿ ಉಳಿದದ್ದು ಅವ್ವ, ಮಗ ಮತ್ತು ಗೌರಿ ಎಂಬ ಎಮ್ಮೆ. ಗೌರಿ ಮಧ್ಯಾಹ್ನ ತ್ರಿಪುರಾಂತ ಕೆರೆಗೆ ಇಳಿದರೆ, ಸಂಜೆ ಅವ್ವ ದಂಡೆಗೆ ಬಂದು "ಬಾರ ಗೌರಿ, ಹೊತ್ತಾತು ಬಾ" ಎನ್ನುವವರೆಗೆ ಏಳುತ್ತಿರಲಿಲ್ಲ. ಬೇರೆ ಯಾರು ಕರೆದರೂ ಕಿವಿ ಅಲ್ಲಾಡಿಸುತ್ತಿತ್ತು, ಅಷ್ಟೇ.

ಅವ್ವನಿಗೆ ಮೊಣಕಾಲು ನೋವು ಶುರುವಾಯಿತು. ಹುಡುಗ ಹುಮನಾಬಾದಿನ ಗುಜರಿಯಿಂದ ಒಂದು ಸ್ಪೀಕರ್ ಡಬ್ಬಿ ತಂದ. ಉಳ್ಳಾಗಡ್ಡಿ ಮಾರುವವರು ತಮ್ಮ ಕೂಗನ್ನು ರೆಕಾರ್ಡ್ ಮಾಡಿ ಗಾಡಿಗೆ ಕಟ್ಟಿಕೊಳ್ಳುತ್ತಾರಲ್ಲ, ಅಂಥದ್ದು. ಉಳ್ಳಾಗಡ್ಡಿಯ ಕೂಗನ್ನು ಅಳಿಸಿ ಅವ್ವನ ಕರೆಯನ್ನು ತುಂಬಿದ. ಕತ್ತಲಾದರೆ ತಾನಾಗಿ ಹೊತ್ತಿಕೊಳ್ಳುವ ದೀಪವೊಂದನ್ನು ಬಿಚ್ಚಿ, ಅದರ ಭಾಗವನ್ನು ಇದಕ್ಕೆ ಜೋಡಿಸಿದ. ಕೆರೆಯ ದಂಡೆಯ ಬೇವಿನ ಮರಕ್ಕೆ ಕಟ್ಟಿದ. ಅಂದಿನಿಂದ ಹೊತ್ತು ಮುಳುಗಿದರೆ ಡಬ್ಬಿ ಕರೆಯುತ್ತಿತ್ತು, ಗೌರಿ ಬರುತ್ತಿತ್ತು.

ಒಮ್ಮೆ ದಟ್ಟ ಮೋಡ ಕವಿದು ಮಧ್ಯಾಹ್ನವೇ ಡಬ್ಬಿ ಕೂಗಿತು. ನೀರು ಸುರಿಸುತ್ತ ಬಾಗಿಲಿಗೆ ಬಂದ ಎಮ್ಮೆಯನ್ನು ಕಂಡು ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಏ ಇಂಜಿನೇರಾ, ನಿನ್ನ ಡಬ್ಬಿಗಿ ಮೋಡ ಯಾವುದು, ಸಂಜಿ ಯಾವುದು ತಿಳೀವಲ್ದು."

"ತಡಿ ಬೇ, ಕಲಸ್ತೀನಿ."

ಕಲಿಸುವ ಮೊದಲೇ ಅವ್ವ ಜ್ವರ ಬಂದು ತೀರಿಕೊಂಡಳು. ಮಣ್ಣು ಮಾಡಿ ಬಂದ ಸಂಜೆ ಡಬ್ಬಿಯ ನೆನಪು ಯಾರಿಗೂ ಇರಲಿಲ್ಲ. ಕತ್ತಲಾಯಿತು. ದಂಡೆಯಿಂದ ಅವಳದೇ ದನಿ ಬಂತು: ಬಾರ ಗೌರಿ, ಹೊತ್ತಾತು ಬಾ. ಓಣಿಯವರೆಲ್ಲ ದಂಡೆಯ ಕಡೆ ತಿರುಗಿದರು. ಗೌರಿ ಬಂದು, ಕೊಟ್ಟಿಗೆಗೆ ಹೋಗದೆ, ಅಡುಗೆಮನೆಯ ಬಾಗಿಲಲ್ಲಿ ತಲೆ ತೂರಿಸಿ ನಿಂತಿತು. ಮರುದಿನವೂ ಹಾಗೆಯೇ. ಡಬ್ಬಿ ಇರಲಿ ಬಿಡು, ಎಮ್ಮೆಯಾದರೂ ಮನೆಗೆ ಬರುತ್ತದೆ ಎಂದು ಎಲ್ಲರೂ ಹೇಳಿದರು.

ಕೆಲವು ದಿನ ಕಳೆದು ಅವನು ನನ್ನನ್ನು ದಂಡೆಗೆ ಕರೆದುಕೊಂಡು ಹೋಗಿ ಡಬ್ಬಿ ಬಿಚ್ಚಿದ. ಬೇರೆ ನಕಲು ಇರಲಿಲ್ಲ. "ಬ್ಯಾಡೋ, ನಿಮ್ಮವ್ವನ ಆವಾಜ ಇದೊಂದ ಉಳದದ" ಎಂದೆ.

"ಗೌರಿ ದಿನಾ ಬಂದು ಹುಡಕಾಕತ್ತದ. ನನಗ ನೋಡಾಕ ಆಗವಲ್ದು" ಎಂದು ಅಳಿಸುವ ಗುಂಡಿ ಒತ್ತಿದ.

ಗುಂಡಿ ಕೆಂಪಗಿತ್ತು ಎಂದು ನೆನಪು. ಆ ಬಣ್ಣ ನಾನೇ ಆಮೇಲೆ ಬಳಿದದ್ದೂ ಇರಬಹುದು.

ಅಪ್ಪ ಬಂದು ಗೌರಿಯನ್ನು ನಾರಾಯಣಪುರದವರಿಗೆ ಮಾರಿ, ಮಗನನ್ನು ತನ್ನ ಜೊತೆ ಕರೆದೊಯ್ದ. ಹುಮನಾಬಾದ್ ಸ್ಟೇಷನ್ನಿಗೆ ನಾನೂ ಹೋಗಿದ್ದೆ. ಅಪ್ಪ ನೀರು ತರಲು ಹೋದಾಗ ಅವನು ನನ್ನ ಮುಖ ನೋಡದೆ ಕೇಳಿದ: "ನಮ್ಮವ್ವ ಹ್ಯಾಂಗ ಕರೀತಿದ್ಲು? ಒಮ್ಮಿ ಕರಿ ನೋಡೂಣು."

ಸಣ್ಣ ದನಿಯಲ್ಲಿ ಕರೆದೆ. ಬೆಂಚಿನ ಮೇಲಿದ್ದವರು ತಿರುಗಿ ನೋಡಿದರು. ಅವನು ಕಣ್ಣು ಮುಚ್ಚಿ ಕೇಳಿದ. "ಹಾಂಗಲ್ಲ. ಕಡೀಕ ಇನ್ನಾ ಉದ್ದ ಎಳೀತಿದ್ಲು." ಮತ್ತೆ ಕರೆದೆ, ಉದ್ದ ಎಳೆದು. ಅವನು ಏನೋ ಹೇಳುವಷ್ಟರಲ್ಲಿ ರೈಲು ಬಂತು.

ಆಮೇಲೆ ಅವರ ಫೋನು ಹತ್ತಲಿಲ್ಲ. ನೆನಪನ್ನು ಪ್ರತಿ ಸಲ ಹೊಸದಾಗಿ ಕಟ್ಟಿಕೊಳ್ಳುತ್ತೇವೆ ಎಂದು ವಿಶ್ವವಿದ್ಯಾಲಯದಲ್ಲಿ ಓದಿದೆ. ಹಾಗಾದರೆ ನನ್ನ ಕಿವಿಯಲ್ಲಿರುವುದು ಅವ್ವನ ಕರೆಯೋ, ಡಬ್ಬಿಯದೋ, ಪ್ಲಾಟ್‌ಫಾರ್ಮಿನಲ್ಲಿ ನಾನು ಮಾಡಿದ ಅಣಕವೋ? ಇದನ್ನು ಕೇಳಿ ತಿದ್ದಬಲ್ಲವನು ಒಬ್ಬನೇ, ಅವನೆಲ್ಲಿದ್ದಾನೋ ಗೊತ್ತಿಲ್ಲ.

ಊರಿಗೆ ಹೋದಾಗ ಸಂಜೆ ದಂಡೆಯಲ್ಲಿ ಯಾರೂ ಇಲ್ಲದ್ದು ನೋಡಿ ಒಮ್ಮೆ ಕರೆಯುತ್ತೇನೆ. ಮರೆತುಹೋಗದಿರಲಿ ಎಂದು. ಕೊನೆಯನ್ನು ಅವನು ಹೇಳಿದಂತೆಯೇ ಉದ್ದ ಎಳೆಯುತ್ತೇನೆ.