ಬೋಣಿಗೆ ಮುಂಚೆ ಬಂದ ಪ್ರಶ್ನೆ

ಫೈಲುಗಳಿಗೆ ಬೀಗ ಹಾಕುವ ಒಂದು ಸಾಫ್ಟ್‌ವೇರಿನ ಕನ್ನಡ ಕೈಪಿಡಿಯನ್ನು ಹಳೇಬೀಡಿನ ಮನೆಯಲ್ಲೇ ಕೂತು ತಿದ್ದುವುದು ನನ್ನ ಕೆಲಸ. ಅವತ್ತು ಬೆಳಿಗ್ಗೆ ಬಳಕೆ ತಪ್ಪಿದ ಆಯ್ಕೆಗಳನ್ನು ಕಿತ್ತುಹಾಕುತ್ತಿದ್ದೆ. ಒಂದರ ಮುಂದೆ ಕೈ ನಿಂತಿತು. ಮೊದಲು 'ಇರುವ ಕೀ ಬಳಸು' ಎಂಬ ಆಜ್ಞೆಗೆ ಒತ್ತುತ್ತಿದ್ದ ಅಕ್ಷರ ಹೊಸ ಆವೃತ್ತಿಯಲ್ಲಿ 'ಹೊಸ ಕೀ ಮಾಡು' ಎಂದಾಗಿತ್ತು. ಹೊಸದು ಬಂದರೆ ಹಳೇ ಕೀ ಅಳಿದುಹೋಗುತ್ತದೆ; ಅಳಿದರೆ ಅದರಿಂದ ಹಾಕಿದ ಬೀಗವನ್ನು ಬ್ರಹ್ಮ ಬಂದರೂ ತೆಗೆಯಲಾರ.

ಅರಸೀಕೆರೆಯಲ್ಲಿ ಕೊಬ್ಬರಿ ಅಂಗಡಿ ಇಟ್ಟಿರುವ ನನ್ನ ಸೋದರಮಾವ ಕೈಪಿಡಿಯ ಆ ಹಳೇ ಪುಟವನ್ನೇ ಗೋಡೆಗೆ ಅಂಟಿಸಿಕೊಂಡು, ಅದಕ್ಕೆ ವಿಭೂತಿ ಬೇರೆ ಹಚ್ಚಿದ್ದಾರೆ! ತೀರಿಹೋದ ಅತ್ತೆ ಹಾಡಿದ ವಚನಗಳು ಅವರ ಕಂಪ್ಯೂಟರಿನಲ್ಲಿವೆ. ಕಂಡವರೆಲ್ಲ ಮುಟ್ಟುತ್ತಾರೆಂದು ನಾನೇ ಬೀಗ ಹಾಕಿಕೊಟ್ಟಿದ್ದೆ. ದಿನಾ ಊದುಬತ್ತಿ ಹಚ್ಚಿ, ಒಂದು ವಚನ ಕೇಳಿಯೇ ಅವರ ವ್ಯಾಪಾರ. ಹಿಂದಿನ ದಿನವಷ್ಟೇ ಹೊಸ ಆವೃತ್ತಿ ಹಾಕಿಸಿದ್ದರು. ಆ ದನಿ ಬೇರೆಲ್ಲೂ ಇಲ್ಲ.

ಫೋನ್ ಮಾಡಿದೆ.

"ಒಳ್ಳೇ ಹೊತ್ಗೆ ಮಾಡ್ದೆ ಕಣವ್ವ. ಹಳೇ ಕೀ ಅಳಿಸ್ಲಾ ಅಂತ ಕೇಳ್ತಾ ಕೂತೈತೆ ಇದು. ಹೌದು ಅಂತೀನಿ."

"ಅಯ್ಯೋ, ಬೇಡಿ ಮಾವ! ಇಲ್ಲ ಅಂತ ಒತ್ತಿ!"

"ಬೋಣಿ ಆಗೋಕ್ ಮುಂಚೆ ಆ ಮಾತಾ? ನಮ್ಮಪ್ಪನ ಕಾಲದಿಂದ್ಲೂ ಈ ಅಂಗಡೀಲಿ ಮೊದಲನೇ ಕಾಸು ಬೀಳೋಗಂಟ ಅದು ಕೂಡದು."

ಬೋಣಿಗೆ ಮುಂಚೆ 'ಇಲ್ಲ' ಎನ್ನುವ ಮಾತೇ ಕೂಡದಂತೆ! ನನಗೆ ಮೈಯೆಲ್ಲ ಉರಿಯಿತು. "ಹೌದು ಅಂದ್ರೆ ಅತ್ತೆ ದನಿ ಹೋಗ್ತದೆ ಮಾವ! ಮತ್ತೆ ಬರಲ್ಲ!"

ಮಾವ ಸಣ್ಣಗೆ, "ಬೆರಳು 'ಹೌದು' ಮೇಲೇ ಐತೆ ಕಣೇ."

"ಮೊದಲು ಕೈ ತೆಗೀರಿ!" ಎಂದು ಗದರಿದೆ. ಗಿರಾಕಿ ಬರುವವರೆಗೆ ಈ ಮನುಷ್ಯನನ್ನು ನಂಬುವಂತಿರಲಿಲ್ಲ. ಹಾಳು ಸಂಪ್ರದಾಯ ಎಂದು ಬೈದುಕೊಳ್ಳುತ್ತಲೇ ಒಂದು ಗಿಟುಕು ಕೊಬ್ಬರಿಯ ಹಣವನ್ನು ಫೋನಿನಿಂದ ಕಳಿಸಿದೆ. ಹಣ ಬಂತೆಂದು ಅವರ ಅಂಗಡಿಯ ಸ್ಪೀಕರ್ ಡಬ್ಬಿ ಗಟ್ಟಿಯಾಗಿ ಕೂಗಿತು.

"ಬೋಣಿ ನಂದೇ ಆಯ್ತಲ್ಲ, ಈಗಲಾದ್ರೂ ಒತ್ತಿ!"

"ಇಲ್ಲ" ಎಂದು ಬಾಯಿಬಿಟ್ಟೇ ಹೇಳುತ್ತಾ ಮಾವ ಆ ಗುಂಡಿ ಒತ್ತಿದರು.

ಮೊದಲು ಗೋಡೆಯ ಹಾಳೆ ಕೀಳಿಸಿದೆ. ಹೊಸ ಕ್ರಮವನ್ನು ಒಂದೊಂದೇ ಅಕ್ಷರವಾಗಿ ಹೇಳಿಕೊಟ್ಟೆ. ಬೀಗ ತೆರೆಯಿತು. ಅತ್ತೆ ಕೆಮ್ಮಿ ಗಂಟಲು ಸರಿಮಾಡಿಕೊಂಡಿದ್ದು ಕೇಳಿ ನನ್ನ ಕಣ್ಣು ತುಂಬಿಬಂತು. ಹಾಡುವ ಮುಂಚೆ ಅವರು ಯಾವತ್ತಿನಂತೆ ಗಂಡನನ್ನು ಗದರಿದ್ದೂ ಅದರಲ್ಲಿತ್ತು: "ಆ ಬಾಗ್ಲು ಹಾಕ್ರೀ, ಬಸ್ಸಿನ ಗಲಾಟೆ ಬತ್ತೈತೆ."

ಬೋಣಿಯಾದ ಬೆನ್ನಿಗೇ ಯಾರಾದರೂ ಅಂಗಡಿ ಮುಚ್ಚುತ್ತಾರೆಯೇ? ಫೋನಿನಲ್ಲಿ ಶಟರ್ ಇಳಿಯುವ ಸದ್ದು ಕೇಳಿಸಿತು.