ಟವಲ್ ಹಾಕಿಟ್ಟ ಜಾಗ

ನಾನು ತೆಗೆದ ಫೋಟೋಗಳಲ್ಲಿ ನನ್ನ ಹೆಂಡತಿ ಯಾವಾಗಲೂ ಒಂದು ಅಂಚಿಗೆ ಸರಿದು ಕೂತಿರುತ್ತಾಳೆ. ಇದು ದಾಂಪತ್ಯವಿರಸದ ಲಕ್ಷಣವಲ್ಲ, ನನ್ನ ಶಾಸ್ತ್ರಾಭ್ಯಾಸದ ಫಲ. ಹರಪನಹಳ್ಳಿಯಲ್ಲಿ ಮೂವತ್ತು ವರ್ಷ ಗಣಿತ ಬೋಧಿಸಿ ನಿವೃತ್ತನಾದ ಮೇಲೆ, ಮೊಬೈಲಿನ ವಿಡಿಯೊಗಳನ್ನೇ ಗುರುವೆಂದು ನಂಬಿ ಛಾಯಾಗ್ರಹಣಕ್ಕೆ ಇಳಿದವನು ನಾನು. ಚೌಕಟ್ಟನ್ನು ಮೂರು ಪಾಲು ಮಾಡಿ, ಮನುಷ್ಯನನ್ನು ಗೆರೆಯ ಮೇಲೆ ನಿಲ್ಲಿಸಿ, ಅವನು ನೋಡುವ ದಿಕ್ಕಿಗೆ ಖಾಲಿ ಜಾಗ ಬಿಡಬೇಕೆಂಬುದು ಅಲ್ಲಿ ಕಲಿತ ಮೊದಲ ಪಾಠ. ಮನಸ್ಸಿನಲ್ಲಿ ನಿಂತದ್ದೂ ಅದೊಂದೇ. "ಬಸ್ಸಿನ್ಯಾಗ ಕಿಟಕಿ ಸೀಟಿಗೆ ಕುಂದ್ರಿಸಿದಂಗ ಮೂಲೀಗೇ ಕುಂದ್ರಸ್ತೀರಿ. ಉಳಿದ ಜಾಗಕ್ಕ ಯಾರಿಗಂತ ಟವಲ್ ಹಾಕಿಟ್ಟೀರಿ?" ಎಂದು ಅವಳು ಕೇಳಿದಾಗಲೆಲ್ಲ, ಕಲೆಯ ಗಂಧವಿಲ್ಲದವರಿಗೆ ಉತ್ತರಿಸಬಾರದೆಂದು ಅವಳನ್ನು ಇನ್ನಷ್ಟು ಅಂಚಿಗೆ ಸರಿಸುತ್ತಿದ್ದೆ.

ನನ್ನ ಸಾಧನೆ ಸಾಮಾನ್ಯದ್ದೆಂದು ತಿಳಿಯಬೇಡಿ. ನೀಲಗುಂದದ ಗುಡಿಯ ಕಂಬಗಳ ನೆರಳು ಬೆಳಕನ್ನು ಹಿಡಿಯಲು ಅರ್ಧ ದಿನ ಬಾಗಿ, ಮಂಡಿಯೂರಿ, ಕೊನೆಗೆ ನೆಲಕ್ಕೇ ಒರಗಿದಾಗ, ಪೂಜಾರಿಗಳು ನನ್ನನ್ನು ಮಹಾಭಕ್ತನೆಂದು ಭಾವಿಸಿ ಎರಡು ಸಲ ತೀರ್ಥ ಕೊಟ್ಟರು. ಆ ಚಿತ್ರಗಳ ಆಕಾಶಕ್ಕೆ ಆ್ಯಪಿನಲ್ಲಿ ಎಷ್ಟು ನೀಲಿ ಸುರಿದೆನೆಂದರೆ, ನೀಲಗುಂದ ಯಾವಾಗ ಸಮುದ್ರದ ದಂಡೆಗೆ ಬಂತೆಂದು ಬಂಧುಗಳು ವಿಚಾರಿಸಿದರು.

ಈ ಕೀರ್ತಿ ಹಡಗಲಿಯಲ್ಲಿ ಮಲ್ಲಿಗೆ ಬೆಳೆಯುವ ನನ್ನ ಸೋದರತ್ತೆ ನಾಗಮ್ಮನಿಗೂ ಮುಟ್ಟಿತು. ಮದುವೆಯಾಗಿ ಐವತ್ತು ವರ್ಷವಾದರೂ ಗಂಡನ ಪಕ್ಕ ನಿಂತ ಒಂದೇ ಒಂದು ಫೋಟೋ ಅತ್ತೆಯ ಬಳಿ ಇರಲಿಲ್ಲ. ಮಾವ ದಾರಿಯಲ್ಲಿ ಅವಳಿಗಿಂತ ಹತ್ತು ಹೆಜ್ಜೆ ಮುಂದೆ ನಡೆಯುವವರು. ಮಗಳ ಮದುವೆಯಲ್ಲೂ ಕ್ಯಾಮೆರಾ ಕಂಡೊಡನೆ ಊಟದ ಪಂಕ್ತಿ ವಿಚಾರಿಸಲು ಹೋದವರು. "ಒಂದರ ತಗೀಪ್ಪ, ನಾವಿಬ್ರೂ ಇರೂದ್ರಾಗ" ಎಂದು ಅತ್ತೆ ಫೋನಿನಲ್ಲಿ ನಗುತ್ತಲೇ ಹೇಳಿದಳು. ನನಗೆ ಮಾತ್ರ ಸಂಕಟವಾಯಿತು.

ಮರುದಿನ ಎಳೆಬಿಸಿಲಿಗೇ ಅವರ ತೋಟದಲ್ಲಿದ್ದೆ. ಮಾವ ಮೊಗ್ಗು ಬಿಡಿಸುತ್ತಿದ್ದರು. ಒಂದು ಕ್ಷಣ ಬನ್ನಿ ಎಂದರೆ, "ಮೊಗ್ಗು ಅರಳಿಬಿಟ್ರ ನಿನ್ನ ಫೋಟೋ ಮಾರ್ಲೇನಲೇ?" ಎಂದು ಬೆನ್ನು ತಿರುಗಿಸಿದರು. ಬೇರೆ ದಾರಿ ಕಾಣದೆ ಅತ್ತೆಯೊಬ್ಬಳನ್ನೇ ಶಾಸ್ತ್ರೋಕ್ತವಾಗಿ ಅಂಚಿಗೆ ನಿಲ್ಲಿಸಿ ತೆಗೆದೆ. ಅವಳು ಸಪ್ಪಗೆ ನೋಡಿ ಫೋನು ಮರಳಿಸುವಷ್ಟರಲ್ಲಿ, ಇಣುಕುವ ಚಪಲ ತಡೆಯಲಾರದೆ ಮಾವ ಬಂದರು.

"ಏನಲೇ ಮೇಷ್ಟ್ರ, ಇಷ್ಟು ಜಾಗ ಬೀಳು ಬಿಟ್ಟೀಯಲ್ಲ!"

ಸಾಲಿನಲ್ಲಿ ಒಂದು ಗಿಡ ಒಣಗಿದರೆ ಮರುದಿನವೇ ಅಲ್ಲಿ ಇನ್ನೊಂದು ಊರುವ ಮನುಷ್ಯ ಅವರು. ಖಾಲಿ ಜಾಗದ ಸೌಂದರ್ಯವನ್ನು ನಾನು ಎಷ್ಟು ವರ್ಣಿಸಿದರೂ ಅವರ ಸಿಟ್ಟು ಇಳಿಯಲಿಲ್ಲ. "ಒಂದಾಳು ನಿಲ್ತೈತಿ ಇಲ್ಲಿ, ನೋಡಿಲ್ಲಿ!" ಎನ್ನುತ್ತ ದಡದಡನೆ ಹೋಗಿ, ಅತ್ತೆಯ ಪಕ್ಕದಲ್ಲಿ ನಿಂತು, ಕೈ ಅಗಲಿಸಿ ಅಳತೆ ತೋರಿಸಿದರು. ಅತ್ತೆ ಕಿಸಕ್ಕನೆ ನಕ್ಕಳು. ನಾನು ಒತ್ತಿಬಿಟ್ಟೆ.

ಆ ಚಿತ್ರದಲ್ಲಿ ದೋಷವಲ್ಲದ್ದೇ ಇಲ್ಲ. ನೆಲ ವಾಲಿದೆ, ಮಾವನ ಬಾಯಿ ತೆರೆದಿದೆ, ಅತ್ತೆಯ ಕಣ್ಣು ಮುಚ್ಚಿದೆ, ಮೂಲೆಯಲ್ಲಿ ನನ್ನ ಬೆರಳಿದೆ. ಆ್ಯಪಿನಲ್ಲಿ ಎಲ್ಲ ಸರಿಪಡಿಸುತ್ತೇನೆಂದರೆ ಅತ್ತೆ ಫೋನನ್ನೇ ಎದೆಗವಚಿಕೊಂಡಳು. "ಏನೂ ತಿದ್ದಬ್ಯಾಡ. ಅವ್ರು ಬೈಕೋಂತ ನಿಂತಾರ, ನಾನು ನಕ್ಕೋಂತ ನಿಂತೀನಿ. ನಾವು ಇರೂದ ಹಿಂಗ." ಮಾವ ಆಗಲೇ ಮೊಗ್ಗಿನ ಸಾಲಿಗೆ ಮರಳಿದ್ದರು.

ಮನೆಗೆ ಬಂದು ಹೆಂಡತಿಗೆ ತೋರಿಸಿದೆ. ಅವಳು ಬಹಳ ಹೊತ್ತು ನೋಡಿ, ಆಮೇಲೆ ತನ್ನ ಫೋಟೋಗಳನ್ನು ಒಂದೊಂದಾಗಿ ಸರಿಸತೊಡಗಿದಳು. ಎಲ್ಲದರಲ್ಲೂ ಅವಳು ಒಂದು ಅಂಚಿಗೆ. ಪಕ್ಕದಲ್ಲಿ ನಾನು ಒಂದರಲ್ಲೂ ಇಲ್ಲ. "ನೀವರ ಯಾವಾಗ ಬರ್ತೀರಿ?" ಎಂದಳು. ಈ ಸಲ ಟವಲಿನ ಮಾತೆತ್ತಲಿಲ್ಲ.

ನಾಚಿಕೆಯಾಯಿತು. ಫೋನನ್ನು ಕಿಟಕಿಗೆ ಆನಿಸಿ, ಹತ್ತು ಸೆಕೆಂಡಿನ ಟೈಮರ್ ಇಟ್ಟು ಓಡಿದೆ. ಚಿತ್ರದಲ್ಲಿ ನಾನು ಪೂರ್ತಿ ಮಸುಕು, ಒಂದು ಕಾಲು ಇನ್ನೂ ಗಾಳಿಯಲ್ಲಿ. ಅವಳು ಎಂದಿನಂತೆ ಅಂಚಿನಲ್ಲೇ ಕೂತಿದ್ದಾಳೆ, ಸ್ಪಷ್ಟವಾಗಿ, ನಾನು ಬರುತ್ತಿರುವ ಕಡೆಗೆ ನೋಡುತ್ತ.