ಹತ್ತನೆಯ ಹೆಸರು

ಜೋಯಿಡಾಕ್ಕೆ ಬಂದ ಮೂರನೆಯ ದಿನವೇ ನನ್ನ ಗಂಟಲು ಕಟ್ಟಿತು. ಸಂತೆಯಲ್ಲಿ ಮುಡ್ಲಿ ಎಂಬ ದಪ್ಪ ಗಡ್ಡೆ ಕಂಡು ಆಸೆಪಟ್ಟು ತಂದಿದ್ದೆ. ಹುಬ್ಬಳ್ಳಿ ಹತ್ತಿರದ ನಮ್ಮ ಇಂದೂರಿನಲ್ಲಿ ಬದನೆಕಾಯಿಗೆ ಮಾಡುವಂತೆ ಎಣ್ಣೆಯಲ್ಲಿ ಬಾಡಿಸಿ, ಶೇಂಗಾಪುಡಿ ಉದುರಿಸಿ, ರೊಟ್ಟಿಗೆ ಹಚ್ಚಿಕೊಂಡು ಗಡದ್ದಾಗಿ ಉಂಡೆ. ಐದೇ ನಿಮಿಷ, ನಾಲಿಗೆಗೆ ಸೂಜಿ ಚುಚ್ಚತೊಡಗಿದವು. ನನಗೆ ಬಾಡಿಗೆಗೆ ಕೋಣೆ ಕೊಟ್ಟಿದ್ದ ದೇವಕಿಬಾಯಿ ನನ್ನ ಮುಖ ನೋಡಿದ್ದೇ "ಖಾಜ್! ಖಾಜ್!" ಎಂದು ಕೂಗುತ್ತ ಒಳಗೆ ಓಡಿದರು. ಖಾಜ್ ಎಂದರೆ ಅವರ ಕೊಂಕಣಿಯಲ್ಲಿ ತುರಿಕೆ. ಕೋಕಂ ಸಿಪ್ಪೆ ಕಿವುಚಿದ ಹುಳಿನೀರು ಕುಡಿಸಿದ ಮೇಲೆ ಅವರಿಗೆ ನಗು ತಡೆಯಲಾಗಲಿಲ್ಲ.

"ಹುಳಿ ಹಾಕದೆ ಯಾರಾದ್ರೂ ಮುಡ್ಲಿ ತಿಂತಾರೇನ್ರೀ ಬಾಯೋರೆ? ಕಾಲೇಜಲ್ಲಿ ಏನು ಕಲಿಸ್ತೀರಿ ನೀವು?"

ಸಸ್ಯಶಾಸ್ತ್ರ! ಆ ಜಾತಿಯ ಗಡ್ಡೆಯೊಳಗಿನ ಸೂಜಿಯಂಥ ಹರಳುಗಳ ಚಿತ್ರ ಬರೆದು ಪರೀಕ್ಷೆಯಲ್ಲಿ ಪೂರ್ತಿ ಅಂಕ ತಗೊಂಡವಳು ನಾನು. ಅವತ್ತು ನನ್ನ ಮಾನ ಪೂರಾ ಹೋಯಿತು.

ಇಂದೂರಿನಿಂದ ಜೋಯಿಡಾ ಏನು ಪರದೇಶವಲ್ಲ, ಒಂದೇ ಜಿಲ್ಲೆ. ಆದರೂ ನನಗೆ ಪರದೇಶವೇ ಆಗಿತ್ತು. ನಮ್ಮಲ್ಲಿ ಗೋವಿನಜೋಳದ ಬಯಲು, ಬಸ್ಸು ಬರುವುದು ಒಂದು ಮೈಲಿಯಿಂದ ಕಾಣುತ್ತದೆ. ಇಲ್ಲಿ ಬಸ್ಸು ತಿರುವಿನಿಂದ ಸೀದಾ ಎದೆಯ ಮೇಲೆಯೇ ಬರುತ್ತದೆ. ನಮ್ಮಲ್ಲಿ ಬಾಗಿಲು ತೆಗೆದರೆ ನಾಲ್ಕು ಮನೆಯವರು "ಚಾ ಆತೇನ?" ಅನ್ನುತ್ತಾರೆ. ಇಲ್ಲಿ ಪಕ್ಕದ ಮನೆಯೆಂದರೆ ಗದ್ದೆಯಾಚೆ. ಒಂದು ತಿಂಗಳು ಅತ್ತೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಒಂದು ದಿನ ಕಂಡಕ್ಟರಿಗೆ ಕೊಂಕಣಿಯಲ್ಲಿ ಟಿಕೆಟ್ ಕೇಳಿದೆ, ಅವನು ನಗದೆ ಕೊಟ್ಟ. ಅವತ್ತು ಊಟ ರುಚಿಸಿತು. ದೇವಕಿಬಾಯಿಯಂತೂ ಮೀನು ತಿನ್ನದ ನನ್ನ ಸಲುವಾಗಿ ಮೀನಿನ ಪಾತ್ರೆಗಳನ್ನೇ ಬೇರೆ ಇಟ್ಟುಬಿಟ್ಟಿದ್ದರು.

ನನ್ನದು ಅತಿಥಿ ಉಪನ್ಯಾಸಕಿಯ ಕೆಲಸ. ಹೆಸರಿಗೆ ತಕ್ಕಂತೆ ಪ್ರತಿ ವರ್ಷವೂ ಮತ್ತೆ ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಎರಡನೆಯ ವರ್ಷದ ಪ್ರವೇಶದ ಹೊತ್ತಿಗೆ ಪ್ರಾಂಶುಪಾಲರು ಕರೆದು, ಬಿ.ಎಸ್ಸಿ.ಗೆ ಹತ್ತು ಮಂದಿಯಾದರೂ ಸೇರದಿದ್ದರೆ ಜೀವವಿಜ್ಞಾನದ ತರಗತಿ ತೆರೆಯುವುದಿಲ್ಲ ಎಂದರು. ತರಗತಿ ಇಲ್ಲವೆಂದರೆ ನಾನೂ ಇಲ್ಲ. ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಒಂದು ಮರ ಬರೆದೆ. ಬುಡದಲ್ಲಿ ಬಿ.ಎಸ್ಸಿ., ಕೊಂಬೆಗಳಲ್ಲಿ ಶಿಕ್ಷಕಿ, ಅರಣ್ಯ ಇಲಾಖೆ, ಲ್ಯಾಬು, ಬೀಜದ ಕಂಪನಿ, ಸಸಿಗಳ ನರ್ಸರಿ, ಆಹಾರ ತಪಾಸಣೆ, ಸಂಶೋಧನೆ. ಅದನ್ನು ಸುತ್ತಿಕೊಂಡು ಅಣಶಿಯ ತನಕ ಮನೆಮನೆ ತಿರುಗಿದೆ. ಒಂಬತ್ತು ಹೆಸರು ಸಿಕ್ಕವು.

ಹತ್ತನೆಯದು ಮನೆಯಲ್ಲೇ ಇತ್ತು. ದೇವಕಿಬಾಯಿಯ ಮಗಳು ರೇಷ್ಮಾ ಪಿಯುಸಿ ವಿಜ್ಞಾನ ಮುಗಿಸಿದ್ದಳು. ಗೋವಾದಲ್ಲಿದ್ದ ಅವಳ ಮಾವ ಹೋಟೆಲ್ ಕೆಲಸ ನೋಡಿಟ್ಟಿದ್ದ, ಮುಂದಿನ ವಾರವೇ ಹೊರಡಬೇಕಿತ್ತು.

ಅವತ್ತು ಮಧ್ಯಾಹ್ನ ದೇವಕಿಬಾಯಿ ಅಂಗಳದಲ್ಲಿ ಕೋನ್ ಎಂಬ ಉದ್ದನೆಯ ಗೆಣಸು ಕೊಯ್ಯುತ್ತ ಕೂತಿದ್ದರು. ತಲೆಯ ತುಂಡು ನೆಡಲು ಒಂದು ಬುಟ್ಟಿಗೆ, ಉಳಿದದ್ದು ಅಡುಗೆಗೆ. ನಾನು ಕ್ಯಾಲೆಂಡರ್ ಬಿಚ್ಚಿ ನನ್ನ ಭಾಷಣ ಪೂರ್ತಿ ಮಾಡಿದೆ. ಅವರು ಕತ್ತಿ ಕೆಳಗಿಟ್ಟು ಕೇಳಿದರು.

"ಇಷ್ಟೆಲ್ಲ ಕೊಂಬೆ ಇದೆ ಬಾಯೋರೆ. ನೀವು ಯಾವುದರ ಮೇಲೆ ಕೂತಿದ್ದೀರಿ?"

"ಯಾವುದರ ಮ್ಯಾಲೂ ಇಲ್ರೀ," ಎಂದೆ. "ಜೋತಾಡಾಕತ್ತೇನಿ."

"ಮತ್ತೆ ನನ್ನ ಮಗಳನ್ನ ಯಾಕೆ ಹತ್ತಿಸ್ತೀರಿ?"

ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಒಂದು ವರ್ಷ ಒಂದೇ ಮನೆಯಲ್ಲಿದ್ದೂ ಆ ಹುಡುಗಿಗೆ ಏನು ಬೇಕೆಂದು ನಾನು ಕೇಳಿರಲಿಲ್ಲ. ಆಗ ಕೇಳಿದೆ.

"ಲ್ಯಾಬ್ ಮೇಡಂ," ಎಂದಳು ರೇಷ್ಮಾ. "ಹೋದ ಸಲ ಜ್ವರ ಬಂದಾಗ ನನ್ನ ರಕ್ತ ದಾಂಡೇಲಿಗೆ ಹೋಯ್ತು. ರಿಪೋರ್ಟ್ ಬರೋದ್ರೊಳಗೆ ಜ್ವರನೇ ಬಿಟ್ಟಿತ್ತು. ಅದನ್ನ ಇಲ್ಲೇ ಯಾಕೆ ನೋಡಬಾರದು? ಆ ಹುಳ ಯಾವುದು, ಎಲ್ಲಿಂದ ಬಂತು, ಅದೆಲ್ಲ ನನಗೆ ತಿಳೀಬೇಕು."

ಅವಳಿಗೆ ಬೇಕಾದದ್ದು ಸೂಕ್ಷ್ಮಜೀವಶಾಸ್ತ್ರ. ನಮ್ಮ ಕಾಲೇಜಿನಲ್ಲಿ ಇದ್ದದ್ದು ಸಸ್ಯ, ಪ್ರಾಣಿ, ರಸಾಯನ. ಇದನ್ನೇ ಓದಿದರೂ ನಡೀತದ ಅನ್ನುವ ಮಾತು ತುಟಿಯವರೆಗೆ ಬಂದಿತ್ತು. ಚೀಲದಲ್ಲಿ ಒಂಬತ್ತು ಹೆಸರಿನ ಪಟ್ಟಿ, ಕೆಳಗೆ ಒಂದು ಖಾಲಿ ಗೆರೆ. ನುಂಗಿಕೊಂಡೆ.

"ನಮ್ಮಲ್ಲಿ ಅದು ಇಲ್ಲವ್ವಾ. ಹುಬ್ಬಳ್ಳಿಗೆ ಹೋಗು," ಎಂದೆ. ಇದ್ದದ್ದನ್ನು ಇದ್ದಂತೆ ಹೇಳಿದೆ. "ಮೂರು ವರ್ಷದ ಡಿಗ್ರಿ ಒಂದೇ ಅನ್ನ ಹಾಕೂದಿಲ್ಲ. ಸೂಟಿಯೊಳಗ ಯಾವುದಾರ ಲ್ಯಾಬಿನ್ಯಾಗ ನಿಂತು ಕೈ ಪಳಗಿಸ್ಕೋ. ಆಮೇಲೆ ಎಂ.ಎಸ್ಸಿ., ಇಲ್ಲಾ ಲ್ಯಾಬಿನ ಡಿಪ್ಲೊಮಾ. ಎರಡೂ ಆಗಲಿಲ್ಲಂದ್ರ ಬಿ.ಎಡ್. ಐತಿ."

ದೇವಕಿಬಾಯಿ ಕೊಯ್ದ ಕೋನಿನ ತಲೆಯನ್ನು ಕೈಯಲ್ಲಿ ಹಿಡಿದು ಮಗಳನ್ನೇ ನೋಡಿದರು. "ನಾವು ಇದನ್ನ ಪೂರಾ ತಿನ್ನೋದಿಲ್ಲ. ತಲೆ ವಾಪಸ್ ಮಣ್ಣಿಗೆ ಹಾಕ್ತೇವೆ. ನೀನು ವಾಪಸ್ ಬರ್ತೀಯಾ?"

"ಲ್ಯಾಬ್ ಇಲ್ಲೇ ಹಾಕೋದು ಆಯಿ. ಮತ್ತೆ ಎಲ್ಲಿ?"

"ಹುಬ್ಬಳ್ಳಿಯಲ್ಲಿ ಇರೋದು ಎಲ್ಲಿ?"

ಅದಕ್ಕೆ ಉತ್ತರ ನನ್ನಲ್ಲಿತ್ತು. ಇಂದೂರಿನಿಂದ ಹುಬ್ಬಳ್ಳಿಗೆ ದಿನಾ ಬಸ್ಸಿದೆ, ನಮ್ಮ ಮನೆಯಲ್ಲಿ ನನ್ನ ಮಂಚ ಖಾಲಿಯಿದೆ. ಅವ್ವನಿಗೆ ಫೋನ್ ಹಚ್ಚಿದೆ. "ಬರಲಿ ಬಿಡ," ಎಂದಳು ಅವ್ವ. "ಮೀನು ಗೀನು ಮಾತ್ರ ತರಂಗಿಲ್ಲ ನೋಡು, ಈಗ ಹೇಳೇನಿ."

ಪಟ್ಟಿಯನ್ನು ಒಂಬತ್ತೇ ಹೆಸರಿಗೆ ನಿಲ್ಲಿಸಿ ಕೊಟ್ಟೆ. ಪ್ರಾಂಶುಪಾಲರು ನನ್ನ ಮೇಲೆ ಒಂದಿಷ್ಟು ಹರಿಹಾಯ್ದು, ಆಮೇಲೆ ತಾವೇ ಮೇಲಿನವರಿಗೆ ಬರೆದು ಒಂದು ವರ್ಷದ ಮಟ್ಟಿಗೆ ಒಪ್ಪಿಗೆ ತಂದರು. ಬರುವ ಜೂನ್‌ನಲ್ಲಿ ಮತ್ತೆ ಕ್ಯಾಲೆಂಡರ್ ಹಿಡಿದು ಹೊರಡಬೇಕು. ಈ ಸಲ ಮೊದಲು ಕೇಳುತ್ತೇನೆ, ಆಮೇಲೆ ಬಿಚ್ಚುತ್ತೇನೆ.

ರೇಷ್ಮಾ ಹೋದ ಮೇಲೆ ದೇವಕಿಬಾಯಿ ನನ್ನನ್ನು ಬಾಡಿಗೆ ಕೋಣೆಯಿಂದ ಒಳಮನೆಗೆ, ಅವಳ ಮಂಚಕ್ಕೆ ಕರೆದುಕೊಂಡರು. ಒಬ್ಬರೇ ಉಣ್ಣಲು ಬೇಜಾರಂತೆ. ಈಗ ನಾನು ಮುಡ್ಲಿಯನ್ನು ಅವರಷ್ಟೇ ಚೆನ್ನಾಗಿ ಬೇಯಿಸುತ್ತೇನೆ.

ದೀಪಾವಳಿಗೆ ಇಂದೂರಿಗೆ ಹೋದೆ. ನನ್ನ ಮಂಚದ ತುಂಬ ರೇಷ್ಮಾಳ ಪುಸ್ತಕ. ಅವ್ವ ನನಗೆ ನಡುಮನೆಯಲ್ಲಿ ಹೊಸ ಜಮಖಾನೆ ಹಾಸಿದಳು, ಬೀಗರಿಗೆ ಹಾಸುವಂಥದ್ದು. ಸಾರು ಹುಳಿಯಾಗಿತ್ತು. ರುಚಿ ನೋಡಿದರೆ ಕೋಕಂ.

"ಈ ಹುಡುಗಿ ಕಲಿಸ್ಯಾಳ," ಎಂದಳು ಅವ್ವ. "ತಂದದ್ದು ಮುಗಿಯಾಕ ಬಂದೈತಿ. ನಿಮ್ಮ ಊರಿಗೆ ಯಾವಾಗ ಹೊರಡ್ತಿ? ಬರೂಮುಂದ ಒಂದಿಷ್ಟು ಹಿಡಕೊಂಡು ಬಾ."

ನಿಮ್ಮ ಊರು! ಸ್ವಂತ ಅವ್ವನ ಬಾಯಲ್ಲಿ! ಜಗಳಕ್ಕೇ ಬಾಯಿ ತೆಗೆದಿದ್ದೆ. ಅಷ್ಟರಲ್ಲಿ ರೇಷ್ಮಾ, "ಮೇಡಂ, ಜೋಯಿಡಾದಲ್ಲಿ ನನ್ನ ಮಂಚದ ಎಡಗಾಲು ಅಲುಗ್ತದೆ, ಕೆಳಗೆ ಕಲ್ಲು ಇಟ್ಕೊಳ್ಳಿ" ಎಂದಳು.

"ಇಟ್ಟೇನವಾ," ಎಂದೆ. "ಒಳಮನಿಗೆ ಬಂದ ದಿನಾನ ಇಟ್ಟೇನಿ."